ಸಾರಿನ ಕೈ ಬಿಟ್ಟ ಮೇಲೆ ಬಂದ ಪುಲ್ಡ್ ಪೋರ್ಕ್

ಪುಲ್ಡ್ ಪೋರ್ಕ್ ಅಂದರೆ ಹಂದಿ ಬಾಡನ್ನು ನಿಧಾನಕ್ಕೆ ಬೇಯಿಸಿ ಎಳೆ ಎಳೆಯಾಗಿ ಬಿಡಿಸಿದ್ದು. ಮೊದಲ ಸಲ ನಾನು ಮಾಡಿದ್ದು ಅದಲ್ಲ, ಹಂದಿ ಸಾರು. ಸ್ಲೋ ಕುಕ್ಕರ್‌ಗೆ, ಅಂದರೆ ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟ್ ಪಾತ್ರೆಗೆ, ಬಾಡು ಹಾಕಿ, ರೂಢಿಯಂತೆ ಒಂದು ಚೊಂಬು ನೀರು ಸುರಿದಿದ್ದೆ. ಸಂಜೆ ನೋಡಿದರೆ ಬಾಡಿನ ರುಚಿಯೆಲ್ಲ ನೀರಿಗಿಳಿದಿತ್ತು. ಮುದ್ದೆ ಜೊತೆ ಉಂಡು ಸುಮ್ಮನಾದೆವು.

ಕೋಲಾರದ ನಮ್ಮ ಮನೆಯಲ್ಲಿ ಕುರಿ, ಕೋಳಿ ಎಲ್ಲ ನಡೆಯುತ್ತದೆ. ಹಂದಿಯನ್ನು ಮಾತ್ರ ಅಮ್ಮ ಒಲೆ ಹತ್ತಿರ ಸೇರಿಸುವುದಿಲ್ಲ. ಸ್ಲೋ ಕುಕ್ಕರ್ ತಂದದ್ದೇ ಅದಕ್ಕೆ. ಹಿತ್ತಿಲ ಜಗಲಿಯಲ್ಲಿ ಒಂದು ಪ್ಲಗ್ ಇದ್ದರೆ ಸಾಕು.

ಬಾಡು ತರುವುದರಲ್ಲೇ ಅರ್ಧ ಕೆಲಸ ಇದೆ. ನಮ್ಮ ಕಡೆ ಅಂಗಡಿಯಲ್ಲಿ ಚರ್ಮ, ಕೊಬ್ಬು, ಮೂಳೆ ಎಲ್ಲ ಸೇರಿಸಿ ಕೊಚ್ಚಿ ಕೊಡುತ್ತಾರೆ. ಎರಡನೇ ಸಲ ಹೋದಾಗ, "ಹೆಗಲಿನ ಭಾಗ ಬೇಕು, ಒಂದೂವರೆ ಕೆಜಿ. ಕೊಚ್ಚಬೇಡಿ, ಮೂಳೆ, ಚರ್ಮ ತೆಗೆದು ಇಡೀ ತುಂಡು ಕೊಡಿ" ಅಂದೆ. ಮಚ್ಚು ಎತ್ತಿದವನು ಹಾಗೇ ನಿಂತ. "ಇಷ್ಟು ದಪ್ಪ ಬೇಯಲ್ಲಣ್ಣ, ಆಮೇಲೆ ನನ್ನ ಬೈಬೇಡಿ." ಹೆಗಲು ದುಡಿದ ಭಾಗ. ಅದರ ನಾರಿನ ನಡುವೆ ಗಟ್ಟಿ ಪೊರೆ ಇರುತ್ತದೆ. ಗಂಟೆಗಟ್ಟಲೆ ಸಣ್ಣ ಕಾವಿನಲ್ಲಿ ಇಟ್ಟರೆ ಆ ಪೊರೆ ಕರಗಿ ಅಂಟಂಟಾಗುತ್ತದೆ, ನಾರು ಬಿಡಿಸಿಕೊಳ್ಳುತ್ತದೆ. ಕೊಬ್ಬಿಲ್ಲದ ತುಂಡು ತಂದರೆ ಒಣಗಿದ ಹಗ್ಗವೇ ಗತಿ.

ಹಿಂದಿನ ರಾತ್ರಿ 3 ಟೀ ಚಮಚ ಉಪ್ಪು, ಬ್ಯಾಡಗಿ ಮೆಣಸಿನ ಪುಡಿ, ಕಾಳುಮೆಣಸು, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಒಂದು ಹಿಡಿ ಬೆಲ್ಲದ ಪುಡಿ ಸವರಿ ಫ್ರಿಜ್‌ನಲ್ಲಿಟ್ಟೆ. ಅದಕ್ಕೂ ಮುಚ್ಚಳದ ಡಬ್ಬಿ, ಕೆಳಗಿನ ಮೂಲೆ. ಬೆಳಿಗ್ಗೆ ಕುಕ್ಕರ್ ತಳಕ್ಕೆ ಎರಡು ಈರುಳ್ಳಿ ಹೆಚ್ಚಿ ಹಾಕಿ, ಮೇಲೆ ಬಾಡು. ದ್ರವ ಅಂತ ಹಾಕಿದ್ದು ಮೂರು ಟೊಮೆಟೊ ರುಬ್ಬಿದ್ದು, ಅರ್ಧ ಲೋಟ ಹುಣಸೆ ರಸ, ಅಷ್ಟೇ. ಅಮೆರಿಕದ ಉತ್ತರ ಕೆರೊಲಿನಾ ಕಡೆ ಕಟ್ಟಿಗೆ ಹೊಗೆಯಲ್ಲಿ ಬೇಯಿಸಿ, ಮೇಲೆ ವಿನೆಗರ್ ಹುಳಿ ಹಾಕುತ್ತಾರೆ. ಹೊಗೆ ನಮ್ಮ ಜಗಲಿಯಲ್ಲಿ ಬರುವುದಿಲ್ಲ, ಬಿಡಿ. ಆದರೆ ಹಂದಿ ಕೊಬ್ಬಿಗೆ ಹುಳಿ ಬೇಕೇ ಬೇಕು. ಕೊಡಗಿನವರು ಪಂದಿ ಕರಿಗೆ ಕಾಚಂಪುಳಿ ಅನ್ನೋ ಕಪ್ಪು ಹುಳಿ ಹಾಕುವುದು ಸುಮ್ನೆ ಅಲ್ಲ.

ಕುಕ್ಕರನ್ನು ‘ಲೋ’ಗೆ, ಅಂದರೆ ಕಡಿಮೆ ಕಾವಿಗೆ, ಇಟ್ಟು 9 ಗಂಟೆ. ಈ ಒಂಬತ್ತು ಗಂಟೆ ಕೈ ಕಟ್ಟಿ ಕೂರುವುದೇ ಕಷ್ಟ. ಮುಚ್ಚಳ ತೆಗೆದು ನೋಡಬೇಕು, ಸೌಟಾಡಿಸಬೇಕು, ಇನ್ನೊಂಚೂರು ನೀರು ಹಾಕಬೇಕು ಅನ್ನಿಸುತ್ತಲೇ ಇರುತ್ತದೆ. ಮುಚ್ಚಳ ತೆಗೆದಾಗಲೆಲ್ಲ ಕಾವು ಹೋಗಿ ಇಪ್ಪತ್ತು ನಿಮಿಷವಾದರೂ ಹಿಂದೆ ಬೀಳುತ್ತದೆ. ನೀರು ಬೇಡವೇ ಬೇಡ. ಆವಿ ಹೊರಗೆ ಹೋಗದೆ ಬಾಡೇ ರಸ ಬಿಡುತ್ತದೆ.

ಒಮ್ಮೆ ರಾತ್ರಿಯೆಲ್ಲ ಬೇಯಲಿ ಅಂತ ಇಟ್ಟು ಮಲಗಿದೆ. ಯಾವಾಗಲೋ ಕರೆಂಟ್ ಹೋಗಿ ಬಂದಿದೆ. ನನ್ನದು ಬಟನ್ ಒತ್ತುವ ಕುಕ್ಕರ್, ಕರೆಂಟ್ ಬಂದರೂ ತಾನಾಗಿ ಶುರುವಾಗುವುದಿಲ್ಲ. ಬೆಳಿಗ್ಗೆ ಪಾತ್ರೆ ಉಗುರುಬೆಚ್ಚಗಿತ್ತು. ಎಷ್ಟು ಹೊತ್ತು ಹಾಗಿತ್ತೋ ಗೊತ್ತಿಲ್ಲದ ಮೇಲೆ ತಿನ್ನಬಾರದು. ಒಂದೂವರೆ ಕೆಜಿ ಗುಂಡಿಗೆ ಹೋಯಿತು. ಆಮೇಲಿಂದ ಹಗಲಲ್ಲೇ ಮಾಡುತ್ತೇನೆ, ಅದೂ ಇನ್ವರ್ಟರ್ ಲೈನಿನಲ್ಲಿ. 200 ವ್ಯಾಟ್ ಅಷ್ಟೇ, ಒಂಬತ್ತು ಗಂಟೆಗೆ ಎರಡು ಯೂನಿಟ್ಟೂ ಆಗುವುದಿಲ್ಲ.

ಆಗಿದೆಯಾ ಅಂತ ನೋಡಲು ಫೋರ್ಕ್ ಚುಚ್ಚಿ ತಿರುಗಿಸುತ್ತೇನೆ. ತಡೆಯಿಲ್ಲದೆ ತಿರುಗಿದರೆ ಆಯಿತು. ಥರ್ಮಾಮೀಟರ್ ಇದ್ದರೆ 95 ಡಿಗ್ರಿ ಸೆಲ್ಸಿಯಸ್ ಹತ್ತಿರ ತೋರಿಸಬೇಕು. ಹೊರಗೆ ತೆಗೆದು ಕಾಲು ಗಂಟೆ ಬಿಟ್ಟು, ಎರಡು ಫೋರ್ಕಿನಲ್ಲಿ ಎಳೆ ಬಿಡಿಸಬೇಕು. ಉಳಿದ ರಸದ ಮೇಲೆ ತೇಲುವ ಕೊಬ್ಬು ತೆಗೆದು, ಜಗಲಿಯ ಇಂಡಕ್ಷನ್ ಒಲೆಯಲ್ಲಿ ಕುದಿಸಿ, ಸೌಟಿಗೆ ಅಂಟುವಷ್ಟು ಗಟ್ಟಿ ಮಾಡಿ ಎಳೆಗಳಿಗೆ ಕಲಸುತ್ತೇನೆ. ಈ ಕೊನೆ ಕೆಲಸ ಬಿಟ್ಟರೆ ಮತ್ತೆ ಸಾರೇ. ಒಂದೂವರೆ ಕೆಜಿಗೆ ಸುಮಾರು 900 ಗ್ರಾಂ ಸಿಗುತ್ತದೆ. ಬೇಕರಿ ಬನ್ ಕಾವಲಿಯಲ್ಲಿ ಬಿಸಿ ಮಾಡಿ, ಎಲೆಕೋಸು, ಹಸಿ ಈರುಳ್ಳಿ ಇಟ್ಟು ತಿನ್ನುತ್ತೇವೆ. ನನಗೆ ದೋಸೆ ಜೊತೆಯೇ ಜಾಸ್ತಿ ಇಷ್ಟ.

ಮೊನ್ನೆ ರಸ ಕುದಿಯುತ್ತಿದ್ದಾಗ ಅಮ್ಮ ಒಳಗಿನಿಂದಲೇ, "ಪುಳಿಯೋಗರೆ ಗೊಜ್ಜು ಮಾಡ್ತಿದ್ದೀಯೇನೋ?" ಅಂದಳು. ಹುಣಸೆ, ಬೆಲ್ಲ, ಮೆಣಸಿನಕಾಯಿ, ವಾಸನೆ ಅದೇ ಅಲ್ವಾ. ಹೌದು ಅನ್ನೋಣ ಅನ್ನಿಸಿತು, ಅನ್ನಲಿಲ್ಲ. ಪಾತ್ರೆ ಈಗಲೂ ಹಿತ್ತಿಲ ನಲ್ಲಿಯಲ್ಲೇ ತೊಳೆಯುತ್ತೇನೆ.