ಬಟವಾಡೆ ಪಟ್ಟಿ ಮತ್ತು ಎಕ್ಸೆಲ್: ತೋಟದ ಆಫೀಸಿಗೆ ಬೇಕಾದ ಕೆಲವು ಕೀಲಿಗಳು

ಚಿಕ್ಕಮಗಳೂರು, ಆಲ್ದೂರು, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಬಟವಾಡೆಯನ್ನು ಬ್ಯಾಂಕ್ ಖಾತೆಗೆ ಹಾಕುವುದಾದರೆ ರೈಟರ್ (ತೋಟದ ಗುಮಾಸ್ತ) ಮೊದಲು ಕಾಯಬೇಕಾದದ್ದು ಖಾತೆ ಸಂಖ್ಯೆಯನ್ನು. ಎಕ್ಸೆಲ್ ಯಾವ ಸಂಖ್ಯೆಯಲ್ಲೂ 15 ಅಂಕಿಗಳನ್ನಷ್ಟೇ ಹಿಡಿದಿಡುತ್ತದೆ. 16 ಅಂಕಿಯ ಖಾತೆ ಸಂಖ್ಯೆ ಹೊಡೆದರೆ ಕೊನೆಯದು ಸದ್ದಿಲ್ಲದೆ ಸೊನ್ನೆಯಾಗುತ್ತದೆ. ಮೊದಲಲ್ಲಿ ಸೊನ್ನೆ ಇದ್ದರೆ ಅದೂ ಹಾರಿಹೋಗುತ್ತದೆ. ಆಮೇಲೆ ಫಾರ್ಮ್ಯಾಟ್ ಬದಲಿಸಿದರೂ ಹೋದ ಅಂಕಿ ವಾಪಸ್ ಬಾರದು. ಆದ್ದರಿಂದ ಹೊಡೆಯುವ ಮುಂಚೆಯೇ ಇಡೀ ಕಾಲಂ ಆಯ್ದು, ಕಂಟ್ರೋಲ್ ಜೊತೆ 1 ಒತ್ತಿ, 'ಟೆಕ್ಸ್ಟ್' ಕೊಡಿ. ಆಧಾರ್ ಕಾಲಂಗೂ ಇದೇ ಮದ್ದು.

ಇಷ್ಟಾದರೂ ಒಂದು ಅಪಾಯ ಉಳಿಯುತ್ತದೆ. ಬ್ಯಾಂಕಿಗೆಂದು ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಅಕ್ಷರ, ಅಂಕಿಗಳ ಫೈಲ್) ಮಾಡಿದ ಮೇಲೆ ಅದನ್ನು ಡಬಲ್ ಕ್ಲಿಕ್ ಮಾಡಿ ಮತ್ತೆ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ಸಿಎಸ್‌ವಿಯಲ್ಲಿ ಫಾರ್ಮ್ಯಾಟ್ ಉಳಿಯುವುದಿಲ್ಲ, ಅಂಕಿಗಳು ಮತ್ತೆ ಕೆಡುತ್ತವೆ. ನೋಡಲೇಬೇಕಿದ್ದರೆ ನೋಟ್‌ಪ್ಯಾಡಿನಲ್ಲಿ ನೋಡಿ.

ಬ್ಯಾಂಕ್ ಶಾಖೆಯನ್ನು ಗುರುತಿಸುವ ಐಎಫ್ಎಸ್‌ಸಿ ಕೋಡಿಗೆ ಡೇಟಾ ವ್ಯಾಲಿಡೇಷನ್‌ನಲ್ಲಿ 'ಟೆಕ್ಸ್ಟ್ ಲೆಂತ್' 11 ಎಂದು ಕಟ್ಟು ಹಾಕಿ. ಕೋಡಿನ ಐದನೆಯ ಸ್ಥಾನದಲ್ಲಿ ಯಾವಾಗಲೂ ಸೊನ್ನೆ. ಅಲ್ಲಿ 'ಓ' ಅಕ್ಷರ ಬಿದ್ದಿದೆಯೇ ಎಂದು ಕಣ್ಣಾರೆ ನೋಡಬೇಕು. ಪೇಸ್ಟ್ ಮಾಡಿದ್ದನ್ನು ಈ ಕಟ್ಟು ತಡೆಯುವುದಿಲ್ಲ.

ಕೊಯ್ಲಿನ ಕಾಲದಲ್ಲಿ ಪಲ್ಪರ್ ಮನೆಯ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಜಾಗ) ಓಟಿ, ಅಂದರೆ ಹೆಚ್ಚುವರಿ ಗಂಟೆಗಳ ಲೆಕ್ಕ ತಪ್ಪಿದರೆ ನಷ್ಟ ಕೆಲಸಗಾರರಿಗೇ. ಓಟಿಯ ಒಟ್ಟು 26 ಗಂಟೆ 30 ನಿಮಿಷವಾದಾಗ ಸೆಲ್ 2:30 ಎಂದು ತೋರಿಸಬಹುದು, ಏಕೆಂದರೆ ಸಾಮಾನ್ಯ ಸಮಯದ ಫಾರ್ಮ್ಯಾಟ್ 24 ದಾಟಿದೊಡನೆ ಮತ್ತೆ ಸೊನ್ನೆಯಿಂದ ಎಣಿಸುತ್ತದೆ. 'ಕಸ್ಟಮ್' ಪಟ್ಟಿಯಲ್ಲಿ 'ಎಚ್' ಅಕ್ಷರ ಚೌಕ ಕಂಸದೊಳಗಿರುವ ಮಾದರಿಯನ್ನು ಆರಿಸಿ, ಪೂರ್ತಿ ಗಂಟೆ ಕಾಣುತ್ತದೆ. ದುಡ್ಡಿಗೆ ಪರಿವರ್ತಿಸುವಾಗ ಆ ಸೆಲ್ಲನ್ನು 24ರಿಂದ, ಆಮೇಲೆ ಗಂಟೆಯ ದರದಿಂದ ಗುಣಿಸಿ. ಎಕ್ಸೆಲ್‌ಗೆ ಒಂದು ಪೂರ್ತಿ ದಿನವೆಂದರೆ 1. ಗಂಟೆಗೆ 100 ರೂಪಾಯಿಯಂತೆ 2,650 ಬರಬೇಕಾದದ್ದು, 24 ಬಿಟ್ಟರೆ 110.42 ಆಗಿಬಿಡುತ್ತದೆ.

ದಿನಗೂಲಿ 20 ರೂಪಾಯಿ ಏರಿತೆಂದು ಒಂದೊಂದೇ ತಿದ್ದುತ್ತಾ ಕೂರಬೇಡಿ. ಖಾಲಿ ಸೆಲ್ಲಿನಲ್ಲಿ 20 ಬರೆದು ಕಾಪಿ ಮಾಡಿ, ಕೂಲಿಯ ಸೆಲ್‌ಗಳನ್ನು ಆಯ್ದು, ಕಂಟ್ರೋಲ್, ಆಲ್ಟ್, ವಿ ಒಟ್ಟಿಗೆ ಒತ್ತಿ. ತೆರೆಯುವ ಕಿಟಕಿಯಲ್ಲಿ 'ವ್ಯಾಲ್ಯೂಸ್' ಮತ್ತು 'ಆ್ಯಡ್' ಆರಿಸಿ ಎಂಟರ್ ಹೊಡೆಯಿರಿ. ನಡುವೆ ಖಾಲಿ ಸೆಲ್ ಸೇರಿದ್ದರೆ ಅಲ್ಲೂ 20 ಕೂರುತ್ತದೆ, ಭರ್ತಿಯಾದವನ್ನು ಮಾತ್ರ ಆಯ್ದುಕೊಳ್ಳಿ.

ಪ್ರಿಂಟ್ ತೆಗೆಯುವ ಮೊದಲು 'ಪೇಜ್ ಲೇಔಟ್' ಒಳಗಿನ 'ಪ್ರಿಂಟ್ ಟೈಟಲ್ಸ್'ನಲ್ಲಿ ತಲೆಬರಹದ ಸಾಲನ್ನು ಗುರುತು ಮಾಡಿದರೆ ಪ್ರತಿ ಹಾಳೆಯ ಮೇಲೂ ಅದು ಬರುತ್ತದೆ.