ಮಳೆನಾಡಿಗೆ ಕೌದಿಯೇ ಸರಿ

ಕೊಡಗಿನಲ್ಲಿ ಜೂನ್ ಬಂತೆಂದರೆ ದಪ್ಪ ಹೊದಿಕೆ ಬೇಕೇ ಬೇಕು. ಆದರೆ ಒಗೆದದ್ದು ಒಣಗುವುದಿಲ್ಲ. ಹತ್ತಿ ತುಂಬಿದ ರಜಾಯಿ ಒಮ್ಮೆ ತೇವ ಹಿಡಿದರೆ ಒಲೆಯ ಬಿಸಿಗೆ ಹರವಿದರೂ ಒಳಗಿನ ಮುಗ್ಗಲು ವಾಸನೆ ಹೋಗದು. ನಾನು ವಿರಾಜಪೇಟೆಯ ಹೊಲಿಗೆ ಗುಂಪು ಸೇರಿದ್ದಕ್ಕೆ ಇದೇ ಕಾರಣ. ಕಾಫಿ ಕೊಯ್ಲು ಮುಗಿದು ಎಲ್ಲರಿಗೂ ಒಂದಿಷ್ಟು ಬಿಡುವಾದಾಗ, ಶನಿವಾರ ಭಾನುವಾರ ಸದಸ್ಯೆಯೊಬ್ಬರ ಮನೆಯ ಜಗಲಿಯಲ್ಲೇ ಕಮ್ಮಟ ನಡೆಯಿತು.

ಶನಿವಾರ ಮೆಷಿನ್‌ನಲ್ಲಿ ತುಂಡು ಜೋಡಿಸುವ ಕೆಲಸ. ನಾಲ್ಕೂವರೆ ಇಂಚಿನ ಒಂಬತ್ತು ಚೌಕ ಕತ್ತರಿಸಿ, ಕಾಲು ಇಂಚು ಒಳಗೆ ಹೊಲಿದರೆ ಕೊನೆಗೆ ಹನ್ನೆರಡು ಇಂಚಿನ ಚೌಕ ಸಿಗುತ್ತದೆ. ಇದರಲ್ಲಿ ಅರ್ಧ ಕೆಲಸ ಇಸ್ತ್ರಿಯದ್ದೇ. ಒಂದು ಸಾಲಿನ ಹೊಲಿಗೆಯಂಚನ್ನು ಎಡಕ್ಕೆ, ಮುಂದಿನ ಸಾಲಿನದನ್ನು ಬಲಕ್ಕೆ ಮಡಚಿ ಇಸ್ತ್ರಿ ಹಾಕಿದರೆ ಮೂಲೆಗಳು ಒಂದಕ್ಕೊಂದು ಕೂತು, ದಪ್ಪ ಗಂಟಾಗುವುದಿಲ್ಲ. ಚೆಂದದ ವಿದ್ಯೆ, ಕುಶನ್ ಕವರಿಗೆ ಹೇಳಿ ಮಾಡಿಸಿದ್ದು.

ನನ್ನ ಮನಸ್ಸು ಹಿಡಿದದ್ದು ಭಾನುವಾರದ ಕೌದಿ, ಅಂದರೆ ಹಳೆ ಬಟ್ಟೆಯ ಪದರಗಳನ್ನು ಸೇರಿಸಿ ಕೈಯಲ್ಲೇ ಹೊಲಿಯುವ ಹೊದಿಕೆ. ಕಲಿಸಿದವರು ಧಾರವಾಡದ ಕಡೆಯಿಂದ ಬಂದು ಕುಶಾಲನಗರದಲ್ಲಿ ನೆಲೆಸಿದ ಅಕ್ಕ. ಅಳತೆಪಟ್ಟಿ ಮುಟ್ಟಲೇ ಇಲ್ಲ. ನಾವು ತಂದಿದ್ದ ಹಳೆ ಸೀರೆ, ಪಂಚೆಗಳನ್ನು ಒಂದೊಂದಾಗಿ ಬೆರಳ ಮಧ್ಯೆ ಉಜ್ಜಿ ನೋಡಿ ಎರಡು ರಾಶಿ ಮಾಡಿದರು. ಒಗೆದೊಗೆದು ಮೆತ್ತಗಾದ ಹತ್ತಿ ಬಟ್ಟೆ ಒಂದು ಕಡೆ, ಪಾಲಿಯೆಸ್ಟರ್ ಕಲೆತದ್ದು ಇನ್ನೊಂದು ಕಡೆ. ಅನುಮಾನ ಬಂದರೆ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯುತ್ತಿದ್ದರು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಕೆಳಗೆ ಇಡೀ ಸೀರೆ, ಅದರ ಮೇಲೆ ಪಂಚೆಯ ಪದರ, ಮೇಲೆ ಬಣ್ಣದ ತುಂಡುಗಳು. ಒಳಗೆ ಹತ್ತಿ ತುಂಬುವುದಿಲ್ಲ. ಬೆಚ್ಚಗಿಡುವುದು ಪದರಗಳ ನಡುವೆ ನಿಲ್ಲುವ ಗಾಳಿ. ನಮ್ಮ ಹವೆಗೆ ಇದೇ ಮುಖ್ಯ, ಏಕೆಂದರೆ ತೆಳು ಪದರಗಳಲ್ಲಿ ನೀರು ಹತ್ತಿಯ ಉಂಡೆಯಲ್ಲಿ ನಿಂತ ಹಾಗೆ ನಿಲ್ಲುವುದಿಲ್ಲ. ನಾನು ಆಮೇಲೆ ಮನೆಯಲ್ಲಿ ಹೊಲಿದ ಕೌದಿ, ಮಳೆ ಬಿಟ್ಟು ಬಿಸಿಲು ಇಣುಕಿದ ಒಂದೇ ಮಧ್ಯಾಹ್ನದಲ್ಲಿ ಒಣಗಿತು.

ಪದರಗಳು ಜಾರದಂತೆ ಮೊದಲು ನಡುವಿನಿಂದ ಅಂಚಿನ ಕಡೆಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಹಿಡಿಸಿದೆವು. ದಾರಕ್ಕೆ ಜೇನುಮೇಣ ಸವರಿದರೆ ಸಿಕ್ಕಾಗದು. ಕೊಡಗಿನಲ್ಲಿ ಮೇಣಕ್ಕೇನು ಬರ? ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು, ಎಡಗೈಯಿಂದ ಪದರಗಳನ್ನು ಅಲೆಅಲೆಯಾಗಿ ಮಡಚಿ ಅದರ ತುದಿಗೆ ಏರಿಸಬೇಕು. ನಾಲ್ಕೈದು ಹೊಲಿಗೆ ಒಟ್ಟಾದ ಮೇಲೆ ಎಳೆಯುವುದು. ‘ದಾರ ಜಗ್ಗಬ್ಯಾಡವ್ವಾ, ಅರಿವಿ ಮುದುಡತೈತಿ’ ಎನ್ನುತ್ತಲೇ ಅಕ್ಕ ನನ್ನ ಕೈ ಹಿಡಿದು ತೋರಿಸಿದರು. ಸಾಲುಗಳ ನಡುವೆ ಒಂದು ಬೆರಳಿನ ಅಂತರ. ಎಷ್ಟು ಒತ್ತಾಗಿ ಹೊಲಿಯುತ್ತೇವೋ ಕೌದಿ ಅಷ್ಟು ಬಾಳಿಕೆ ಬರುತ್ತದೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರ ಕ್ರಮವೇ ಬೇರೆ ಎಂದೂ ಅಕ್ಕ ಹೇಳಿದರು. ಅವರು ಮೂಲೆಯಿಂದ ಶುರುಮಾಡಿ, ಅಂಚಿಗುಂಟ ಸುತ್ತುತ್ತ, ಹೊಲಿಯುತ್ತಲೇ ತುಂಡು ಸೇರಿಸುತ್ತ ನಡುವಿಗೆ ಬರುತ್ತಾರೆ; ಮೂಲೆಗಳಿಗೆ ಬಟ್ಟೆ ಮಡಚಿದ ಹೂ ಕೂರಿಸುತ್ತಾರೆ. ಅದನ್ನೂ ಕಲಿಯುವ ಆಸೆ ನನಗಿದೆ.

ಶುರುಮಾಡುವವರು ಮೊದಲು ತೊಟ್ಟಿಲ ಮಗುವಿಗಾಗುವಷ್ಟು ಚಿಕ್ಕದನ್ನು ಹೊಲಿಯಿರಿ. ಕೆಂಪು, ಕಡುನೀಲಿ ತುಂಡುಗಳನ್ನು ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ನೋಡಿ; ಬಣ್ಣ ಹತ್ತಿದರೆ ಅಂಥದ್ದನ್ನು ಬಿಳಿ ಪಂಚೆಯ ಪಕ್ಕ ಇಡಲೇಬೇಡಿ.