ನೇರ ಪಶ್ಚಿಮಕ್ಕೆ ಹೊರಟಾಗ ಕೆಡುವ ರಂಬ್ ಲೈನ್ ದೂರ

ಮಂಗಳೂರಿನಿಂದ ಸೊಕೊಟ್ರಾ ದ್ವೀಪದ ಕಡೆಗೆ ರಂಬ್ ಲೈನ್ (ದಿಕ್ಕು ಬದಲಿಸದೆ ಸಾಗುವ ದಾರಿ) ಲೆಕ್ಕ ಹಾಕ್ತಿದ್ದೆ. ಹೊರಡುವುದು 12°55' ಉತ್ತರ, 74°48' ಪೂರ್ವ. ಸೇರುವುದು 13°00' ಉತ್ತರ, 54°00' ಪೂರ್ವ. ರೇಖಾಂಶದ ವ್ಯತ್ಯಾಸ 1248 ನಿಮಿಷ, ಅಕ್ಷಾಂಶದ್ದು ಬರೀ 5.

ಮೆರಿಡಿಯನಲ್ ಪಾರ್ಟ್ಸ್ (ಮರ್ಕೇಟರ್ ನಕ್ಷೆಯಲ್ಲಿ ಸಮಭಾಜಕದಿಂದ ಒಂದು ಅಕ್ಷಾಂಶಕ್ಕಿರುವ ಹಿಗ್ಗಿದ ದೂರ) ವ್ಯತ್ಯಾಸ ಸುಮಾರು 5.13. 1248ನ್ನು ಅದರಿಂದ ಭಾಗಿಸಿದರೆ ಕೋರ್ಸ್‌ನ (ಸಾಗುವ ದಿಕ್ಕಿನ ಕೋನದ) ಟ್ಯಾನ್ ಸಿಗುತ್ತದೆ: ಉತ್ತರದಿಂದ ಪಶ್ಚಿಮಕ್ಕೆ 89.764 ಡಿಗ್ರಿ. ಇಲ್ಲಿವರೆಗೆ ಸರಿ. ತೊಂದರೆ ಇರುವುದು ದೂರದಲ್ಲಿ. ರೂಢಿಯ ಸೂತ್ರದಂತೆ 5ನ್ನು ಕೋರ್ಸ್‌ನ ಕೋಸೈನ್‌ನಿಂದ ಭಾಗಿಸಬೇಕು. ಕೋರ್ಸ್ 89.8 ಅಂತ ಹಾಕಿದರೆ 1432 ನಾಟಿಕಲ್ ಮೈಲಿ (ಅಕ್ಷಾಂಶದ ಒಂದು ನಿಮಿಷಕ್ಕೆ ಒಂದು), 89.76 ಅಂದರೆ 1194! 90ರ ಹತ್ತಿರ ಕೋಸೈನ್ ಸೊನ್ನೆಗೆ ಅಂಟಿಕೊಂಡಿರುತ್ತದೆ, ಕೂದಲೆಳೆಯಷ್ಟು ವ್ಯತ್ಯಾಸವೂ ಉಬ್ಬುತ್ತದೆ ಅಲ್ವಾ.

ಹಾಗಾಗಿ ದೂರದ ಲೆಕ್ಕದಿಂದ ಕೋರ್ಸನ್ನೇ ತೆಗೆದುಹಾಕಿದೆ. ಮಧ್ಯದ ಅಕ್ಷಾಂಶ 12°57.5', ಅದರ ಕೋಸೈನ್ 0.9745. ಅದನ್ನು 1248ಕ್ಕೆ ಗುಣಿಸಿದೆ. ಬಂದ ಗುಣಲಬ್ಧದ ವರ್ಗಕ್ಕೆ 5ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 1216.2 ನಾಟಿಕಲ್ ಮೈಲಿ.

ಅಕ್ಷಾಂಶದ ವ್ಯತ್ಯಾಸ ದೊಡ್ಡದಿದ್ದರೆ ಈ ಕೋಸೈನ್ ಜಾಗಕ್ಕೆ ಅಕ್ಷಾಂಶದ ವ್ಯತ್ಯಾಸವನ್ನು ಮೆರಿಡಿಯನಲ್ ಪಾರ್ಟ್ಸ್ ವ್ಯತ್ಯಾಸದಿಂದ ಭಾಗಿಸಿ ಹಾಕಿ. ಎರಡೂ ಅಕ್ಷಾಂಶ ಒಂದೇ ಆದರೆ ಅಲ್ಲಿ ಸೊನ್ನೆಗೆ ಸೊನ್ನೆ ಬರುತ್ತದೆ, ಆಗ ಕೋಸೈನೇ ಗತಿ. 180 ಡಿಗ್ರಿ ರೇಖಾಂಶ ದಾಟುವ ದಾರಿಗೆ 360 ಕೂಡಿಸುವುದೋ ಕಳೆಯುವುದೋ ಬೇರೆಯೇ ನೋಡಿಕೊಳ್ಳಬೇಕು.